ಟ್ರೈಟನ್ ಎಂಬ ಅರಿಸಮಾಸ

ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಗಂಟುಹಾಕಿ ಸಮಾಸ ಮಾಡಿದರೆ ಅದು ಅರಿಸಮಾಸ, ಶತ್ರುಗಳ ಕೂಟ, ಕೂಡದು ಎಂದು ನಮ್ಮ ವೈಯಾಕರಣರು ವಿಧಿಸಿದ್ದಾರೆ. ಹಿಂದಿನ ಕವಿಗಳು ಬಳಸಿಬಿಟ್ಟಿದ್ದರೆ ದೋಷವಿಲ್ಲವೆಂದು ಒಂದು ಕಿಂಡಿಯನ್ನೂ ಬಿಟ್ಟಿದ್ದಾರೆ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಈ ಪಾಠವನ್ನು ಒಪ್ಪಿಸುತ್ತ ಬಂದಿರುವ ನನಗೆ ಅದೇ ಸಮಸ್ಯೆ ಮೋಟಾರು ಸೈಕಲ್ಲಿನ ರೂಪದಲ್ಲಿ ಎದುರಾದೀತೆಂದು ಯಾರು ತಾನೆ ಊಹಿಸಿಯಾರು?

ಇಂಗ್ಲೆಂಡಿನಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗನಿಗೆ ಹಳೆಯ ‘ಕೆಫೆ ರೇಸರ್’ ಗಾಡಿಗಳ ಹುಚ್ಚು. ಅವನು ಕೂಡಿಟ್ಟ ಹಣದಲ್ಲಿ ಮೈಸೂರಿನಲ್ಲೊಂದು ಸೈಟು ಬರಲಿ ಎಂಬುದು ತಾಯಿಯ ಆಸೆ. ಮಗನ ಕಣ್ಣು ಎರಡು ಫಟಫಟಿಗಳ ಮೇಲೆ. “ಮಾವ, ಒಂದನ್ನು ನೀವೇ ಆರಿಸಿ. ನೀವು ಹೇಳಿದಿರೆಂದರೆ ಅಮ್ಮ ಸುಮ್ಮನಾಗುತ್ತಾಳೆ” ಎಂದು ಭಾರವನ್ನು ನನ್ನ ತಲೆಗೆ ಕಟ್ಟಿದ.

ಯುದ್ಧ ಮುಗಿದ ಮೇಲಿನ ಇಂಗ್ಲೆಂಡಿನಲ್ಲಿ, ದುಡಿಯುವ ಹುಡುಗರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಮೆರೆದ ಗಾಡಿಗಳಿವು. ಲಂಡನ್ನಿನ ಏಸ್ ಕೆಫೆಯಂಥ ಹೆದ್ದಾರಿ ಹೋಟೆಲುಗಳಲ್ಲಿ ಅವರ ಮೇಳ. ಗಂಟೆಗೆ 100 ಮೈಲಿ ಮುಟ್ಟುವುದೇ ಪುರುಷಾರ್ಥ. 1938ರಲ್ಲಿ ತೆರೆದು, 1940ರಲ್ಲಿ ಬಾಂಬಿಗೆ ತುತ್ತಾಗಿ, 1949ರಲ್ಲಿ ಮತ್ತೆದ್ದು, 1969ರಲ್ಲಿ ಮುಚ್ಚಿದ ಆ ಹೋಟೆಲು 2001ರಲ್ಲಿ ಮರಳಿ ಬಾಗಿಲು ತೆರೆಯಿತು.

ಹುಡುಗನ ಮುಂದಿರುವ ಮೊದಲನೆಯ ಗಾಡಿ ಬಿ.ಎಸ್.ಎ. ಗೋಲ್ಡ್ ಸ್ಟಾರ್, 1956ರಿಂದ 1963ರವರೆಗೆ ತಯಾರಾದ ಡಿಬಿಡಿ 34 ಮಾದರಿ. ಇದರದು ಸತ್ಕುಲ. 1937ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ವಾಲ್ ಹ್ಯಾಂಡ್ಲಿ ಎಂಬ ಸವಾರ ಬಿ.ಎಸ್.ಎ. ಗಾಡಿಯಲ್ಲಿ 100 ಮೈಲಿ ವೇಗ ಮೀರಿ ಸುತ್ತುಹಾಕಿ ಪಡೆದ ಚಿನ್ನದ ನಕ್ಷತ್ರದಿಂದ ಬಂದ ಹೆಸರು. 499 ಸಿ.ಸಿ.ಯ ಒಂದೇ ಸಿಲಿಂಡರು. ಮೊದಲನೆಯ ಗೇರಿನಲ್ಲೇ 60 ಮೈಲಿಯ ಸಮೀಪ ಹೋಗಬಲ್ಲ ಈ ಮಹಾಶಯನಿಗೆ ಪೇಟೆಬೀದಿಯಲ್ಲಿ ನಿಧಾನವಾಗಿ ನಡೆಯುವುದೆಂದರೆ ಅವಮಾನ. ಸವಾರ ಕ್ಲಚ್ಚನ್ನು ಅರೆಬರೆ ಹಿಡಿದೇ ತೆವಳಬೇಕು. ಸಿಗ್ನಲಿನಲ್ಲಿ ನಿಂತರೆ ಅದರ ಪಂದ್ಯದ ಕಾರ್ಬ್ಯುರೇಟರು ಎಂಜಿನನ್ನು ನೆಮ್ಮದಿಯಾಗಿ ಉಸಿರಾಡಗೊಡದು.

ಎರಡನೆಯದು ಟ್ರೈಟನ್. ಇದು ಟ್ರಯಂಫ್ ಕಾರ್ಖಾನೆಯದೂ ಅಲ್ಲ, ನಾರ್ಟನ್ ಕಾರ್ಖಾನೆಯದೂ ಅಲ್ಲ. ರೆಕ್ಸ್ ಮೆಕ್‌ಕ್ಯಾಂಡ್‌ಲೆಸ್ ರೂಪಿಸಿ 1950ರಲ್ಲಿ ಪಂದ್ಯಕ್ಕಿಳಿದ ನಾರ್ಟನ್ನಿನ ‘ಫೆದರ್‌ಬೆಡ್’ ಚಾಸಿ ತಿರುವುಗಳಲ್ಲಿ ಬಲು ಸ್ಥಿರ. ಟ್ರಯಂಫಿನ ಜೋಡಿ ಸಿಲಿಂಡರಿನ ಎಂಜಿನು ಬಲು ಚುರುಕು. ಸಣ್ಣ ಕಾರುಗಳ ಪಂದ್ಯದವರು ನಾರ್ಟನ್ ಗಾಡಿಯನ್ನು ಕೊಂಡು, ಎಂಜಿನು ಕಿತ್ತುಕೊಂಡು, ಚಾಸಿಯನ್ನು ಮೂಲೆಗೆ ತಳ್ಳುತ್ತಿದ್ದರು. ಅಂಥ ಚಾಸಿಗೆ ಟ್ರಯಂಫ್ ಎಂಜಿನು ಕೂರಿಸಿ, ಎರಡು ಹೆಸರುಗಳನ್ನೂ ಬೆಸೆದುಬಿಟ್ಟರು. ಅರಿಸಮಾಸ ಬೇರೆ ಹೇಗಿರುತ್ತದೆ? ಆದರೆ 1965ರ ಬಾರ್ಸಿಲೋನಾದ 24 ಗಂಟೆಗಳ ಪಂದ್ಯವನ್ನು ಗೆದ್ದದ್ದು ಡೇವ್ ಡೀಗನ್ಸ್ ತಾನೇ ಕಟ್ಟಿ, ಜೊತೆಗಾರನೊಡನೆ ಓಡಿಸಿದ ಟ್ರೈಟನ್! ಪೂರ್ವಕವಿಪ್ರಯೋಗವೂ ಸಿಕ್ಕಂತಾಯಿತು.

ಸಂಗ್ರಹಿಸಿಡುವವನಿಗೆ ಗೋಲ್ಡ್ ಸ್ಟಾರೇ ಸರಿ. ಓಲೆಗರಿಗಳ ಪಾಠವನ್ನು ತಾಳೆನೋಡುವಂತೆ ಚಾಸಿಯ ಸಂಖ್ಯೆ, ಎಂಜಿನಿನ ಸಂಖ್ಯೆ, ದಾಖಲೆ ಎಲ್ಲವನ್ನೂ ತಾಳೆನೋಡಬಹುದು. ನೋಡಲೇಬೇಕು, ಸಾಮಾನ್ಯ ಬಿ.ಎಸ್.ಎ.ಗೆ ವೇಷಕಟ್ಟಿ ಮಾರುವವರಿದ್ದಾರೆ. ಆಯಿಲ್ ಪಂಪಿಗೆ ಎಡೆಬಿಡಲು ನಿಜವಾದ ಗೋಲ್ಡ್ ಸ್ಟಾರ್ ಚಾಸಿಯ ಬಲಗಡೆಯ ಕೆಳಕೊಳವೆ ತುಸು ಬಾಗಿರುತ್ತದೆ. ಆ ಬಾಗು ಇಲ್ಲವಾದರೆ ಪ್ರಕ್ಷಿಪ್ತವೆಂದು ಸಂಶಯಪಡಬೇಕು. ಟ್ರೈಟನ್ನಿಗೆ ಮೂಲಪಾಠವೆಂಬುದೇ ಇಲ್ಲ. ಕಟ್ಟಿದವನ ಕೈ ನೋಡಬೇಕು: ಎಂಜಿನು ನೆಟ್ಟಗೆ ಕೂತಿದೆಯೆ, ಚೈನು ಒಂದೇ ಗೆರೆಯಲ್ಲಿ ಓಡುತ್ತದೆಯೆ, ಬೆಸುಗೆ ಗಟ್ಟಿಯೆ? ಒಳ್ಳೆಯ ಕೈಯಾಗಿದ್ದರೆ ಅದು ಸೊಗಸು. ಕೆಟ್ಟ ಕೈಯಾಗಿದ್ದರೆ ಪ್ರಾಣಕ್ಕೇ ಸಂಚಕಾರ.

ನಮ್ಮ ಹುಡುಗ ಗಾಡಿಯನ್ನು ಗಾಜಿನ ಹಿಂದೆ ನಿಲ್ಲಿಸುವವನಲ್ಲ. ಭಾನುವಾರ ಊರೂರು ಸುತ್ತುವವನು. ಯಾವ ಕುಲದ್ದೆಂದು ಕೇಳುವುದಕ್ಕಿಂತ ಎಷ್ಟು ದೂರ ಕರೆದೊಯ್ಯುತ್ತದೆಂದು ಕೇಳುವುದೇ ಅವನಿಗೆ ಮೇಲು. ತಿಳಿದವರ ಕೈಯಲ್ಲಿ ಪರೀಕ್ಷೆ ಮಾಡಿಸಿ ಟ್ರೈಟನ್ ಕೊಳ್ಳೆಂದು ಬರೆದಿದ್ದೇನೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಮಿಕ್ಕ ಹಣ ಸೈಟಿನ ಮುಂಗಡಕ್ಕಾದೀತು. ಇಷ್ಟಾದರೂ ತಂಗಿಯಿಂದ ನನಗೆ ಮಂಗಳಾರತಿ ತಪ್ಪದು. ಅದೂ ಒಂದು ಅರಿಸಮಾಸವೇ; ಆದರೆ ಅದಿಲ್ಲದೆ ಯಾವ ಮನೆಯಲ್ಲಿ ಪೂಜೆ ಮುಗಿದೀತು?