ಕಾಗದದ ಕಟ್ಟು ಯಾರ ಕೈಗೆ

1986ರಲ್ಲಿ ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ನಾನು ಜೂನಿಯರ್ ಆಗಿ ಸೇರಿದೆ. ಪೊಲೀಸರು ದೋಷಾರೋಪ ಪಟ್ಟಿ ಹಾಕಿದ ಮೇಲೆ ಅದರ ಪೂರ್ತಿ ಪ್ರತಿಯನ್ನು ಆರೋಪಿಗೆ ಪುಕ್ಕಟೆ ಕೊಡಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 207ನೇ ಕಲಮು ಹೇಳುತ್ತಿತ್ತು. ಎಫ್‌ಐಆರ್, ಮಹಜರು, ಸಾಕ್ಷಿಗಳ ಹೇಳಿಕೆ, ವೂಂಡ್ ಸರ್ಟಿಫಿಕೇಟು ಎಲ್ಲವನ್ನೂ ದಾರ ಪೋಣಿಸಿ ಕಟ್ಟಿ, ರುಜು ಹಾಕಿಸಿಕೊಂಡು ಅವನ ಕೈಗಿಡುತ್ತಿದ್ದರು. ಮಚ್ಚಿನೇಟು ತಿಂದವಳು ದೂರು ಕೊಟ್ಟವಳೂ ಆಗಿದ್ದರೆ ಅವಳಿಗೆ ಎಫ್‌ಐಆರ್‌ನ ಪ್ರತಿಯೊಂದು ಸಲ್ಲಬೇಕಿತ್ತು. ಅದಕ್ಕೂ ಠಾಣೆಗೆ ಅಲೆಯಬೇಕಿತ್ತು. ತನ್ನ ಗಾಯವನ್ನು ಡಾಕ್ಟರು ಸಾದಾ ಎಂದು ಬರೆದಿದ್ದಾರೋ ತೀವ್ರ ಎಂದೋ ಅವಳಿಗೆ ತಿಳಿಯುತ್ತಿದ್ದುದು ಎಷ್ಟೋ ಸಲ ಪಾಟಿ ಸವಾಲಿನಲ್ಲಿ, ಎದುರು ವಕೀಲರು ಓದಿ ಹೇಳಿದಾಗ.

ಆರೋಪಿಗೆ ಕೊಟ್ಟದ್ದು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಜೈಲಿಗೆ ಹೋಗಬೇಕಾದವನಿಗೆ ತನ್ನ ಮೇಲಿನ ಆಪಾದನೆ ಏನೆಂದು ಗೊತ್ತಿರಲೇಬೇಕು. ಪೆಟ್ಟು ತಿಂದವಳಿಗೂ ತನ್ನ ಕೇಸಿನಲ್ಲಿ ಏನಿದೆಯೆಂದು ಗೊತ್ತಿರಬೇಕಲ್ಲವೇ ಎಂದು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಕೇಸು ಸರ್ಕಾರದ್ದು, ಅವಳು ಸಾಕ್ಷಿ ಎಂದೇ ನಮಗೆಲ್ಲ ಕಲಿಸಿದ್ದರು.

ಸಮನ್ಸು ಬಂದ ದಿನ ಅವಳು ಊರಿನಿಂದ ಹೊರಡುತ್ತಿದ್ದುದು ಬೆಳಗಿನ ಬಸ್ಸಿನಲ್ಲಿ. ಜಾಮೀನಿನ ಮೇಲೆ ಹೊರಗಿದ್ದ ಆರೋಪಿಯೂ ಅದೇ ಬಸ್ಸಿನಲ್ಲಿ ಬರುತ್ತಿದ್ದ. ಕೋರ್ಟಿನಲ್ಲಿ ಕಾಯಲು ಇದ್ದದ್ದು ಒಂದೇ ಪಡಸಾಲೆ, ಎರಡು ಬೆಂಚು. ಜವಾನ ಹೆಸರು ಕೂಗುವತನಕ ಇಬ್ಬರ ಕಡೆಯವರೂ ಅಲ್ಲೇ. ರಾಜಿ ಮಾತು ಶುರುವಾಗುತ್ತಿದ್ದುದೂ ಅಲ್ಲೇ. ಮೊದಲು ಊರಿನ ಹಿರಿಯರು, ಆಮೇಲೆ ಅವಳದೇ ಅಣ್ಣ, ಭಾವ. "ಬಿಟ್ಟುಬಿಡವ್ವ, ಅವನ ಮಕ್ಕಳ ಮುಖ ನೋಡು" ಅನ್ನುವರು. ಅವಳ ಮಕ್ಕಳ ಮುಖ ಯಾರಿಗೂ ನೆನಪಾಗುತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಮುಂದಿನ ವಾಯಿದೆ ಕೊಟ್ಟರೆ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ಸಾಕ್ಷಿ ಬತ್ತೆಯ ಪುಡಿಗಾಸಿಗೆ ಮತ್ತೊಂದು ಕಿಟಕಿಯ ಮುಂದೆ ನಿಲ್ಲಬೇಕು. ಮೈದುನನಿಂದ ಕುಡುಗೋಲಿನೇಟು ತಿಂದಿದ್ದ ಒಬ್ಬ ಹೆಂಗಸು ಹೀಗೆ ಅಲೆದಲೆದು, ಕೊನೆಗೆ ಕಟಕಟೆಯಲ್ಲಿ ನಿಂತು ಕಾಲುಜಾರಿ ಬಿದ್ದೆ ಅಂದಳು. ಪ್ರತಿಕೂಲ ಸಾಕ್ಷಿ ಎಂದು ಬರೆದುಕೊಂಡರು. ಖುಲಾಸೆಯಾಯಿತು. ಅವಳ ಕುತ್ತಿಗೆಯ ಪಕ್ಕದ ಕಲೆ ನ್ಯಾಯಾಧೀಶರು ಕೂತಲ್ಲಿಂದ ಕಾಣುವಂತಿತ್ತು.

ಖುಲಾಸೆಯಾದ ಮೇಲೆ ಅಂಥವರಿಗೆ ಉಳಿದ ದಾರಿ ಬಹಳ ಸಣ್ಣದು. ಪೊಲೀಸ್ ಕೇಸಿನಲ್ಲಿ ಮೇಲ್ಮನವಿ ಹಾಕುವುದು ಬಿಡುವುದು ಸರ್ಕಾರದ ಇಷ್ಟ. ನೊಂದವರು ಹೈಕೋರ್ಟಿಗೆ ರಿವಿಜನ್ ಹಾಕಬಹುದಿತ್ತು, ಆದರೆ ಅದರಲ್ಲಿ ಖುಲಾಸೆಯನ್ನು ಶಿಕ್ಷೆಯಾಗಿ ಬದಲಿಸುವ ಅಧಿಕಾರ ಹೈಕೋರ್ಟಿಗೂ ಇರಲಿಲ್ಲ. ಅತ್ಯಾಚಾರದ ಕೇಸುಗಳ ಪಾಟಿ ಸವಾಲನ್ನು ಇಲ್ಲಿ ಬರೆಯಲಾರೆ. ಹೆಂಗಸಿನ ನಡತೆ ಸರಿಯಿಲ್ಲವೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಸಾಕ್ಷ್ಯ ಕಾಯ್ದೆಯೇ, 155ನೇ ಕಲಮಿನಲ್ಲಿ, ಅವಕಾಶ ಕೊಟ್ಟಿತ್ತು. ಅದನ್ನು ತೆಗೆದದ್ದು 2002ರ ತಿದ್ದುಪಡಿಯಲ್ಲಿ.

ಬದಲಾವಣೆ ನಿಜವಾಗಿ ಬಂದದ್ದು 2009ರ ಡಿಸೆಂಬರ್ 31ರಂದು. ಅಪರಾಧಕ್ಕೆ ಒಳಗಾದವರಿಗೇ ಮೇಲ್ಮನವಿಯ ಹಕ್ಕು, ಅವರಿಗೆ ಪರಿಹಾರ ಕೊಡಲು ಪ್ರತಿ ರಾಜ್ಯದಲ್ಲೂ ಯೋಜನೆ, ಇವೆರಡೂ ಅಂದು ಜಾರಿಗೆ ಬಂದವು. ಆರೋಪಿ ಸಿಗದಿದ್ದರೂ, ಅವನು ಯಾರೆಂದೇ ಗೊತ್ತಾಗದಿದ್ದರೂ ಪರಿಹಾರ ಕೇಳಬಹುದು. ಇದು ಇಂದಿಗೂ ಬಹಳ ಜನರಿಗೆ ತಿಳಿಯದ ಮಾತು. ಮೇಲ್ಮನವಿಯ ಹಕ್ಕನ್ನು ಗಟ್ಟಿ ಮಾಡಿದ್ದು ನಮ್ಮ ಬಾಗಲಕೋಟೆಯಿಂದ ಹೋದ ಒಂದು ಕೇಸು. ಹಲ್ಲೆ ನಡೆದದ್ದು ಕಾನೂನು ಬರುವ ಮೊದಲು, ಖುಲಾಸೆಯಾದದ್ದು ಬಂದ ಮೇಲೆ. ಹಕ್ಕು ಉಂಟೋ ಇಲ್ಲವೋ? ಮಲ್ಲಿಕಾರ್ಜುನ ಕೊಡಗಲಿ ಪ್ರಕರಣವೆಂದು ನಾವು ಕರೆಯುವ ಅದರಲ್ಲಿ ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ, ಉಂಟು, ಅದಕ್ಕೆ ಕೋರ್ಟಿನ ಅನುಮತಿಯನ್ನೂ ಬೇಡಬೇಕಿಲ್ಲ ಎಂದಿತು. ತೀರ್ಪು ಬರುವ ಹೊತ್ತಿಗೆ ಮೇಲ್ಮನವಿ ಹಾಕಿದ್ದವರು ತೀರಿಕೊಂಡಿದ್ದರು.

ಆ್ಯಸಿಡ್ ದಾಳಿಯ ಕಥೆಯೂ ಹೀಗೇ ನಿಧಾನದ್ದು. 1999ರಲ್ಲಿ ಬೆಂಗಳೂರಿನ ಯುವತಿಯೊಬ್ಬಳ ಮೇಲೆ ನಡೆದ ದಾಳಿಗೆ ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟದ್ದು 2006ರಲ್ಲಿ. ಅದೂ ಕೊಲೆ ಯತ್ನದ ಕಲಮಿನ ಕೆಳಗೆ, ಏಕೆಂದರೆ ಆ್ಯಸಿಡ್ಡಿಗೆಂದೇ ಬೇರೆ ಕಲಮು ಇರಲಿಲ್ಲ. ಅದು ಬಂದದ್ದು 2013ರಲ್ಲಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆ್ಯಸಿಡ್ ದಾಳಿ ಮತ್ತು ಅತ್ಯಾಚಾರಕ್ಕೆ ಒಳಗಾದವರಿಗೆ ಆಸ್ಪತ್ರೆ ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು, ಕೊಡದಿದ್ದರೆ ಅದೇ ಅಪರಾಧ ಎಂಬ ನಿಯಮವೂ ಅದೇ ವರ್ಷದ್ದು. 2018ರ ರಾಷ್ಟ್ರೀಯ ಪರಿಹಾರ ಯೋಜನೆಯಲ್ಲಿ ಮುಖ ವಿರೂಪಗೊಂಡವರಿಗೆ 7ರಿಂದ 8 ಲಕ್ಷ ರೂಪಾಯಿ ಎಂದಿದೆ.

2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ನಾನು ಮೊದಲು ಹೇಳಿದ ಆ ಕಟ್ಟು ಕೊನೆಗೂ ನೊಂದವರಿಗೂ ಸಿಗುತ್ತದೆ. ತೊಂಬತ್ತು ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು ಅವರಿಗೆ ತಿಳಿಸಬೇಕು. ಸರ್ಕಾರ ಕೇಸು ವಾಪಸು ಪಡೆಯುವುದಾದರೆ ಮೊದಲು ಅವರ ಮಾತು ಕೇಳಬೇಕು. ಆದರೆ ಕಟ್ಟು ಸಿಗುವುದು ಅವರ ಪರವಾಗಿ ವಕೀಲರೊಬ್ಬರು ಇದ್ದಾಗ ಮಾತ್ರ.

ನನಗೆ ಸಮಾಧಾನವಿಲ್ಲದಿರುವುದು ಇಲ್ಲಿಯೇ. ಆರೋಪಿ ಮ್ಯಾಜಿಸ್ಟ್ರೇಟರ ಮುಂದೆ ಬಂದ ಮೊದಲ ದಿನವೇ, ವಕೀಲರಿದ್ದಾರೆಯೇ, ಇಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ನೇಮಿಸಬೇಕೇ ಎಂದು ಅವನನ್ನು ಕೇಳುತ್ತಾರೆ. ಕೇಳದಿದ್ದರೆ ಮುಂದೆ ವಿಚಾರಣೆಗೇ ಕುತ್ತು. ಹೊಡೆತ ತಿಂದವಳನ್ನು ಹಾಗೆ ಕೇಳುವವರಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆಲ್ಲ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರ ಹಕ್ಕಿದೆ. ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕೂಡ. ಅದನ್ನು ಹೋಗಿ ಕೇಳಬೇಕು. ಕೇಳಲು ಗೊತ್ತಿರಬೇಕು. ಪೋಕ್ಸೋ, ದೌರ್ಜನ್ಯ ತಡೆ ಕಾಯ್ದೆ, ಕೌಟುಂಬಿಕ ಹಿಂಸೆಯ ಕಾಯ್ದೆಗಳಲ್ಲಿ ನೊಂದವರಿಗೆ ಹಕ್ಕುಗಳನ್ನು ತಿಳಿಸುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸಿದ್ದಾರೆ. ಅಂಥ ಕೇಸುಗಳಲ್ಲಿ ಪರಿಹಾರದ ಅರ್ಜಿ ಬೇಗ ಬರುವುದನ್ನು ನಾನು ಕಂಡಿದ್ದೇನೆ. ಜಮೀನಿನ ಜಗಳದಲ್ಲಿ ಕೈ ಕತ್ತರಿಸಿಕೊಂಡವನ, ಕುಡುಕ ಮಗನಿಂದ ಹಲ್ಲು ಉದುರಿಸಿಕೊಂಡ ಮುದುಕಿಯ ಅರ್ಜಿ ಬರುವುದೇ ಅಪರೂಪ.

ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲೆಯಾಗಿ ಈಗ ನಾನು ಹೋಗುವ ಒಂದು ಕೋರ್ಟಿನಲ್ಲಿ ಚಿಕ್ಕ ವಯಸ್ಸಿನ ಮ್ಯಾಜಿಸ್ಟ್ರೇಟರೊಬ್ಬರಿದ್ದಾರೆ. ದೋಷಾರೋಪ ಪಟ್ಟಿ ಬಂದ ಮೇಲೆ ಅವರು ಕೋರ್ಟ್ ಪೇದೆಗೆ ಹೇಳಿ ದೂರುದಾರರನ್ನೂ ಕರೆಸುತ್ತಾರೆ. ನಿಮಗೆ ವಕೀಲರು ಬೇಕೇ, ಪರಿಹಾರಕ್ಕೆ ಅರ್ಜಿ ಹಾಕಿದ್ದೀರಾ ಎಂದು ಕೇಳಿ, ಉತ್ತರವನ್ನು ಅಂದಿನ ಆದೇಶದಲ್ಲೇ ಬರೆಸುತ್ತಾರೆ. ಒಬ್ಬೊಬ್ಬರಿಗೆ ಎರಡು ನಿಮಿಷ ಸಾಲುತ್ತದೆ. ಹಲ್ಲು ಕಳೆದುಕೊಂಡ ಆ ಮುದುಕಿ ನನ್ನ ಕಕ್ಷಿದಾರಳಾದದ್ದು ಹಾಗೆಯೇ. ಕಟ್ಟನ್ನು ಅವಳಿಗೆ ಪೂರ್ತಿ ಓದಿ ಹೇಳಿದೆ. ವೂಂಡ್ ಸರ್ಟಿಫಿಕೇಟಿನಲ್ಲಿ ಎರಡು ಹಲ್ಲು ಎಂದಿತ್ತು; ಅವಳು ಬಾಯಿ ತೆರೆದು ತೋರಿಸಿದಳು, ನಾಲ್ಕು. ಮರುದಿನವೇ ಅರ್ಜಿ ಹಾಕಿದೆವು.