ಬೆರಳಿಗೆ ಸರಿತಪ್ಪಿನ ಭೇದವಿಲ್ಲ

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಒಂದೇ ಮಾತು ಎಷ್ಟು ಅರ್ಥಗಳನ್ನು ಹೊತ್ತಿದೆ ನೋಡಿ. ಶಾಲೆಗೆ ಹೋಗಿ ಓದುವುದು ವಿದ್ಯಾಭ್ಯಾಸ. ಪಾಠದ ಕೊನೆಯಲ್ಲಿ ಕೊಡುವ ಪ್ರಶ್ನೆಗಳ ತಲೆಬರಹವೂ ‘ಅಭ್ಯಾಸ’. ವೀಣೆಯ ಮುಂದೆ ದಿನವೂ ಕುಳಿತು ಕೈ ಪಳಗಿಸುವುದು ಅಭ್ಯಾಸ. ಉಗುರು ಕಚ್ಚುವುದೂ ಅಭ್ಯಾಸವೇ. ಅದನ್ನು ಬಿಡಿಸಲು ತಾಯಂದಿರು ಬೆರಳಿಗೆ ಬೇವಿನೆಣ್ಣೆ ಹಚ್ಚಿ ಸೋತಿದ್ದಾರೆ. ಪ್ರೌಢಶಾಲೆಯಲ್ಲಿ 34 ವರ್ಷ ಕನ್ನಡ ಕಲಿಸಿದ ನನಗೆ ಈ ಪದದ ಅರ್ಥವಿಸ್ತಾರ ಹೊಸದೇನಲ್ಲ. ಆದರೆ ಅದರೊಳಗೆ ಒಂದು ಎಚ್ಚರಿಕೆಯೂ ಅಡಗಿದೆಯೆಂಬುದು ಮನದಟ್ಟಾದದ್ದು ನಿವೃತ್ತಿಯ ನಂತರ, ಮೊಮ್ಮಗಳ ಪಿಯಾನೊದ ಪಕ್ಕದಲ್ಲಿ ಕುಳಿತಾಗ. ಮತ್ತೆ ಮತ್ತೆ ಮಾಡಿದ್ದು ಅಭ್ಯಾಸವಾಗುತ್ತದೆ. ಅದು ಸರಿಯೋ ತಪ್ಪೋ ಎಂದು ಅಭ್ಯಾಸ ವಿಚಾರಿಸುವುದಿಲ್ಲ.

ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಬೆಂಗಳೂರಿನಲ್ಲಿ ಮಗಳ ಮನೆಯ ನಡುಕೋಣೆಯ ಗೋಡೆಗೊರಗಿ 88 ಕೀಲಿಗಳ ವಿದ್ಯುತ್ ಪಿಯಾನೊ ನಿಂತಿತ್ತು. 52 ಬಿಳಿ, 36 ಕಪ್ಪು. ವೀಣೆಯನ್ನೋ ಪಿಟೀಲನ್ನೋ ಕಲಿಸುವುದು ಬಿಟ್ಟು ಇದೇಕೆಂದು ಬಂಧುಗಳಲ್ಲಿ ಕೆಲವರು ಮೂಗು ಮುರಿದರು. ಮೈಸೂರಿನಲ್ಲಿ ಬೆಳೆದ ನನಗೆ ಆ ವಾದ ರುಚಿಸಲಿಲ್ಲ. ನಮ್ಮ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು (1919–1974) ಪಿಯಾನೊವನ್ನು ಶಾಸ್ತ್ರೋಕ್ತವಾಗಿ ಕಲಿತು ಲಂಡನ್ನಿನ ಸಂಗೀತ ಸಂಸ್ಥೆಗಳ ಮನ್ನಣೆ ಪಡೆದವರು. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾಗ, ಆತನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಅವರೇ. ಅದೇ ಅರಸರು ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ವಾದ್ಯ ಯಾವುದಾದರೇನು, ಶ್ರದ್ಧೆ ಒಂದೇ.

ಮೊಮ್ಮಗಳಿಗೆ ಶ್ರದ್ಧೆಯ ಕೊರತೆಯೇನೂ ಇರಲಿಲ್ಲ. ದಿನವೂ ಸಂಜೆ ಅರ್ಧ ಗಂಟೆ ನುಡಿಸಬೇಕೆಂದು ಅವಳ ಮೇಡಂ ಹೇಳಿದ್ದರು; ಅವಳು ಚಾಚೂ ತಪ್ಪದೆ ನುಡಿಸುತ್ತಿದ್ದಳು. ಆದರೂ ವಾರದಿಂದ ವಾರಕ್ಕೆ ಪಾಠ ಮುಂದೆ ಸಾಗುತ್ತಿರಲಿಲ್ಲ. ಒಂದು ಸಂಜೆ ಪುಸ್ತಕ ಮಡಚಿಟ್ಟು, “ನಂಗೆ ಇದು ಬರೋದೇ ಇಲ್ಲ ಅಜ್ಜಿ, ಅಮ್ಮಂಗೆ ಹೇಳಿ ಕ್ಲಾಸ್ ಬಿಡಿಸಿಬಿಡು” ಎಂದಳು. ಅಳುತ್ತಿರಲಿಲ್ಲ, ತೀರ್ಮಾನಿಸಿಬಿಟ್ಟಿದ್ದಳು. ನನ್ನನ್ನು ಕಲಕಿದ್ದು ಅದೇ. ‘ನಂಗೆ ಬರೋದಿಲ್ಲ’ ಎಂಬ ಮಾತನ್ನು ತರಗತಿಯಲ್ಲಿ ಎಷ್ಟೋ ಮಕ್ಕಳ ಬಾಯಲ್ಲಿ ಕೇಳಿದ್ದೇನೆ. ಅಳುವ ಮಗುವಿಗೆ ಇನ್ನೂ ಆಸೆಯಿರುತ್ತದೆ. ತಣ್ಣಗೆ ಹಾಗೆಂದ ಮಗು ಆ ವಿಷಯದ ಬಾಗಿಲನ್ನು ಮುಚ್ಚಿಕೊಂಡಿರುತ್ತದೆ, ಅನೇಕ ವೇಳೆ ಬದುಕಿನುದ್ದಕ್ಕೂ.

ಮರುದಿನ ಅವಳು ನುಡಿಸುವಾಗ ಸುಮ್ಮನೆ ಪಕ್ಕದಲ್ಲಿ ಕುಳಿತೆ. ಚಿಕ್ಕಂದಿನಲ್ಲಿ ಕೆಲವು ವರ್ಷ ವೀಣೆ ಕಲಿತಿದ್ದೇನೆಯೇ ಹೊರತು ಪಿಯಾನೊದ ಗಂಧ ನನಗಿಲ್ಲ. ಆದರೂ ಹತ್ತೇ ನಿಮಿಷದಲ್ಲಿ ವಿಷಯ ತಿಳಿಯಿತು. ಮೊದಲಿನಿಂದ ಶುರು ಮಾಡುತ್ತಾಳೆ, ಒಂದೆಡೆ ಎಡವುತ್ತಾಳೆ, ‘ಛೆ’ ಎಂದು ಮತ್ತೆ ಮೊದಲಿಗೇ ಹೋಗುತ್ತಾಳೆ. ಅರ್ಧ ಗಂಟೆಯಲ್ಲಿ ಆರಂಭದ ಭಾಗ ಇಪ್ಪತ್ತು ಸಲವಾಯಿತು, ಸೊಗಸಾಗಿಯೂ ಬಂತು. ಎಡವುವ ಜಾಗದಲ್ಲಿ ಇಪ್ಪತ್ತು ಸಲವೂ ಎಡವಿದ್ದಾಯಿತು. ಬೆರಳುಗಳು ಎರಡನ್ನೂ ಅಷ್ಟೇ ನಿಷ್ಠೆಯಿಂದ ಕಲಿತಿದ್ದವು! ಎಡವುವುದು ಪಾಠದ ಭಾಗವೇ ಎಂದು ಅವು ಭಾವಿಸಿದಂತಿತ್ತು.

ಇದು ನನಗೆ ಚಿರಪರಿಚಿತ ನೋಟ. ‘ಹದಿಮೂರೇಳಲ ಎಷ್ಟು?’ ಎಂದರೆ ‘ಹದಿಮೂರೊಂದ್ಲ’ ಎಂದು ಶುರುಮಾಡುವ ಹುಡುಗರನ್ನು ಎಲ್ಲ ಉಪಾಧ್ಯಾಯರೂ ಕಂಡಿದ್ದಾರೆ. ಕಂಠಪಾಠದ ಪದ್ಯ ನಡುವೆ ಮರೆತರೆ ಮೊದಲ ಸಾಲಿಗೆ ಓಡುವುದೂ ಹಾಗೆಯೇ. ಕಾಪಿ ಪುಸ್ತಕವಂತೂ ಇನ್ನೂ ಸ್ಪಷ್ಟ ಸಾಕ್ಷಿ. ಪುಟದ ನೆತ್ತಿಯಲ್ಲಿ ಅಚ್ಚಾದ ಮೇಲ್ಪಂಕ್ತಿಯನ್ನು ನೋಡಿ ಮಗು ಮೊದಲ ಸಾಲನ್ನು ಬರೆಯುತ್ತದೆ. ಎರಡನೆಯದನ್ನು ತಾನೇ ಬರೆದ ಮೊದಲ ಸಾಲು ನೋಡಿ, ಮೂರನೆಯದನ್ನು ಎರಡನೆಯದನ್ನು ನೋಡಿ. ಮೊದಲ ಸಾಲಿನಲ್ಲಿ ಒತ್ತಕ್ಷರವೊಂದು ಬಿಟ್ಟುಹೋಗಿದ್ದರೆ ಹತ್ತನೆಯ ಸಾಲಿನವರೆಗೂ ಬಿಟ್ಟುಹೋಗಿರುತ್ತದೆ, ಅದೂ ದುಂಡಾದ ಅಕ್ಷರಗಳಲ್ಲಿ. ಅಂಥ ಮಗುವಿಗೆ ‘ಇನ್ನೂ ಹತ್ತು ಸಾಲು ಬರೆ’ ಎಂದರೆ ಏನು ಪ್ರಯೋಜನ?

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯಿದೆ. ಮಕ್ಕಳನ್ನು ಅಭ್ಯಾಸಕ್ಕೆ ಕೂರಿಸುವವರು ಅದರ ಮೊದಲರ್ಧವನ್ನು ಮಾತ್ರ ಹೇಳುತ್ತಾರೆ. ಮರಳಿ ಮರಳಿ ಮಾಡುವುದಕ್ಕೆ ರಾಗವನ್ನು ತರುವ ಶಕ್ತಿಯಿರುವಷ್ಟೇ ರೋಗವನ್ನು ತರುವ ಶಕ್ತಿಯೂ ಇದೆಯೆಂಬುದು ಅದರ ಉತ್ತರಾರ್ಧ.

ಅವಳು ಕಲಿಯುತ್ತಿದ್ದ ರಚನೆ ರಾಬರ್ಟ್ ಶೂಮನ್‌ನದು. ಈ ಜರ್ಮನ್ ಸಂಗೀತಗಾರ ಯೌವನದಲ್ಲಿಯೇ ಬಲಗೈ ಬೆರಳಿನ ತೊಂದರೆಯಿಂದಾಗಿ ಪಿಯಾನೊ ವಾದಕನಾಗುವ ಆಸೆಯನ್ನು ಕೈಬಿಡಬೇಕಾಯಿತು. 1848ರಲ್ಲಿ, ಹಿರಿಯ ಮಗಳು ಮಾರಿಯ ಏಳನೆಯ ಹುಟ್ಟುಹಬ್ಬಕ್ಕೆಂದು ಕೆಲವು ಪುಟ್ಟ ರಚನೆಗಳನ್ನು ಬರೆದುಕೊಟ್ಟ. ಅವೇ ಬೆಳೆದು 43 ರಚನೆಗಳ ‘ಎಳೆಯರ ಆಲ್ಬಂ’ ಆಯಿತು. ಅದರಲ್ಲಿ ಹೊಲದಿಂದ ಮನೆಗೆ ಮರಳುವ ಹರ್ಷಚಿತ್ತ ರೈತನ ಕುರಿತ ಒಂದು ಪುಟದ ರಚನೆಯಿದೆ. ಕೇಳಲು ಸರಳ, ನುಡಿಸಲು ಅಲ್ಲ. ಸಾಮಾನ್ಯವಾಗಿ ಬಲಗೈ ರಾಗವನ್ನು ನುಡಿಸಿದರೆ ಎಡಗೈ ಆಸರೆ ಕೊಡುತ್ತದೆ. ಇಲ್ಲಿ ಹಾಡುವುದು ಎಡಗೈ. ಬಲಗೈ ತಾಳದ ಪೆಟ್ಟುಗಳ ನಡುವೆ ಮೆಲ್ಲಗೆ ದನಿಗೂಡಿಸಬೇಕು. ಮುಂದೆ ಬಲಗೈಯೂ ರಾಗದ ಜೊತೆಗೆ ಸೇರಿಕೊಳ್ಳುತ್ತದೆ. ನಮ್ಮ ಹುಡುಗಿ ಎಡವುತ್ತಿದ್ದುದು ಸರಿಯಾಗಿ ಆ ತಿರುವಿನಲ್ಲಿ.

ಅವಳ ಮೇಡಂಗೆ ದೂರವಾಣಿ ಮಾಡಿ, ಅವರ ಒಪ್ಪಿಗೆಯಿಂದಲೇ ಸಂಜೆಯ ಕ್ರಮವನ್ನು ಬದಲಾಯಿಸಿದೆವು. ಮೊದಲನೆಯದಾಗಿ, ಆರಂಭದಿಂದ ನುಡಿಸುವುದು ನಿಂತಿತು. ಸ್ವರಲಿಪಿಯಲ್ಲಿ ಎರಡು ನಿಲುಗೆರೆಗಳ ನಡುವಿನ ಅಂಕಣಕ್ಕೆ ಬಾರ್ ಎನ್ನುತ್ತಾರೆ. ಎಡವುವ ಬಾರ್ ಯಾವುದೋ ಅದರ ಸುತ್ತ ಪೆನ್ಸಿಲಿನಿಂದ ವೃತ್ತ ಹಾಕಿ, ಅಲ್ಲಿಂದಲೇ ಆರಂಭ. ಬಲಗೈ ಒಂದೇ, ಎಡಗೈ ಒಂದೇ, ಆಮೇಲೆ ಎರಡೂ. ಅದು ಕೂಡಿಬಂದ ಮೇಲೆ ಹಿಂದಿನ ಒಂದು ಬಾರ್, ಮುಂದಿನ ಒಂದು ಬಾರ್ ಸೇರಿಸಿ ನುಡಿಸುವುದು. ಹರಿದ ಬಟ್ಟೆಗೆ ತೇಪೆ ಹಾಕುವವರು ಹರಿದ ಜಾಗಕ್ಕಷ್ಟೇ ಹಾಕಿ, ಅಂಚನ್ನು ಗಟ್ಟಿ ಬಟ್ಟೆಗೆ ಸೇರಿಸಿ ಹೊಲಿಯುತ್ತಾರಲ್ಲವೇ, ಹಾಗೆ.

ಎರಡನೆಯದು ನಿಧಾನ. ಎಷ್ಟು ನಿಧಾನವೆಂದರೆ, ತಪ್ಪಲು ಸಾಧ್ಯವೇ ಇಲ್ಲದಷ್ಟು. ಮಕ್ಕಳಿಗೆ ಇದು ಅವಮಾನವೆನಿಸುತ್ತದೆ. ವೇಗವೇ ವಿದ್ಯೆಯೆಂದು ಅವು ನಂಬಿರುತ್ತವೆ. ನಾನು ಅವಳಿಗೆ ನಮ್ಮ ಸರಳೆ ವರಸೆಯ ಕಥೆ ಹೇಳಿದೆ. ಮಾಯಾಮಾಳವಗೌಳದಲ್ಲಿ ಆ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ನಮ್ಮ ಸಂಗೀತ ಪರಂಪರೆ ಹೇಳುತ್ತದೆ. ಒಂದೇ ವರಸೆಯನ್ನು ಮೊದಲ ಕಾಲ, ಎರಡನೆಯ ಕಾಲ, ಮೂರನೆಯ ಕಾಲವೆಂದು ವೇಗವನ್ನು ಇಮ್ಮಡಿಸುತ್ತ ಹೋಗುವುದು ಕ್ರಮ. ಮೊದಲ ಕಾಲದಲ್ಲಿ ನಿಲ್ಲದವನಿಗೆ ಮೂರನೆಯ ಕಾಲವಿಲ್ಲ. ಆ ರಾಗವನ್ನು ಪಿಯಾನೊದ ಮೇಲೆ ಹುಡುಕಿ ನೋಡಿದೆವು. ಷಡ್ಜವನ್ನು ‘ಸಿ’ ಎಂಬ ಬಿಳಿ ಕೀಲಿಯ ಮೇಲಿಟ್ಟರೆ ರಿಷಭ, ಧೈವತ ಎರಡು ಮಾತ್ರ ಕಪ್ಪು ಕೀಲಿಗಳಿಗೆ ಬರುತ್ತವೆ. ಸ್ವರಸಪ್ತಕದ ಎರಡು ಅರ್ಧಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಅವಳಿಗೆ ಅದೊಂದು ಆಟವೇ ಆಯಿತು. ನಿಧಾನಕ್ಕೆ ಮರ್ಯಾದೆಯೂ ಬಂತು.

ಮೂರನೆಯದು ಬೆರಳಿನ ನೇಮ. ಪಿಯಾನೊದವರು ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ 1ರಿಂದ 5ರ ಸಂಖ್ಯೆ ಕೊಟ್ಟು ಯಾವ ಸ್ವರಕ್ಕೆ ಯಾವ ಬೆರಳೆಂದು ಬರೆದಿರುತ್ತಾರೆ. ‘ಸಿ’ಯಿಂದ ಬಲಗೈಯಲ್ಲಿ ಏರುವಾಗ 1, 2, 3 ಆದೊಡನೆ ಹೆಬ್ಬೆರಳು ಒಳಗಿನಿಂದ ನುಸುಳಿ ನಾಲ್ಕನೆಯ ಸ್ವರವನ್ನು ಹಿಡಿಯಬೇಕು. ಪ್ರತಿ ಸಲವೂ ಬೇರೆ ಬೇರೆ ಬೆರಳು ಹಾಕಿದರೆ ಪ್ರತಿ ಸಲವೂ ಹೊಸ ಪಾಠ ಕಲಿತಂತೆ. ಮೊಮ್ಮಗಳು ಎಡವುತ್ತಿದ್ದುದಕ್ಕೆ ಅರ್ಧ ಕಾರಣ ಇದೇ ಆಗಿತ್ತು.

ನಾಲ್ಕನೆಯದು ಹುಣಸೆಬೀಜ. ಪಿಯಾನೊದ ಎಡತುದಿಯಲ್ಲಿ ಐದು ಬೀಜಗಳನ್ನಿಟ್ಟೆ. ವೃತ್ತ ಹಾಕಿದ ಜಾಗವನ್ನು ಸರಿಯಾಗಿ ನುಡಿಸಿದರೆ ಒಂದು ಬೀಜ ಬಲತುದಿಗೆ ಹೋಗುತ್ತದೆ. ತಪ್ಪಿದರೆ, ನಾಲ್ಕು ದಾಟಿದ್ದರೂ, ಎಲ್ಲವೂ ಹಿಂದಕ್ಕೆ. ಐದೂ ದಾಟಿದರೆ ಆ ಜಾಗಕ್ಕೆ ಅಂದಿನ ಮಟ್ಟಿಗೆ ಬಿಡುಗಡೆ. ನಾಲ್ಕನೆಯ ಬೀಜ ದಾಟಿದ ಮೇಲೆ ಆ ಪುಟ್ಟ ಕೈಗಳು ಎಷ್ಟು ಎಚ್ಚರದಿಂದ ಇಳಿಯುತ್ತಿದ್ದವೆಂಬುದನ್ನು ನೀವು ನೋಡಬೇಕಿತ್ತು. ಆ ಎಚ್ಚರವೇ ಅಭ್ಯಾಸ. ಉಳಿದದ್ದು ಬರಿಯ ಸದ್ದು. ಅರ್ಧ ಗಂಟೆಯನ್ನೂ ಒಡೆದು, ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾಡಿದೆವು. ಗಮನ ಕರಗಿದ ಮೇಲೆ ಕೂರಿಸಿದರೆ ಬೆರಳು ಕಲಿಯುವುದು ಬೇಸರವನ್ನೇ. ಸಂಜೆ ಕಷ್ಟವಾಗಿದ್ದದ್ದು ರಾತ್ರಿ ನಿದ್ದೆ ಮಾಡಿ ಎದ್ದಾಗ ಸುಲಭವಾಗಿರುವುದನ್ನು ಅವಳೇ ಗುರುತಿಸಿ ಬೆರಗಾದಳು.

ಇಷ್ಟರಲ್ಲಿ ನನ್ನ ಪಾಲು ಬಹಳ ಕಡಿಮೆ. ನನಗೆ ಪಿಯಾನೊ ಬಾರದಿದ್ದದ್ದೇ ಅನುಕೂಲವಾಯಿತು. ತಿದ್ದಲು ಬಾರದವಳು ಕೇಳಬೇಕಷ್ಟೆ. ಎಲ್ಲಿ ತೊಡರಿತು? ಏಕಿರಬಹುದು? ಈಗ ಏನು ಮಾಡಿ ನೋಡುತ್ತೀಯೆ? ಈ ಮೂರೇ ಪ್ರಶ್ನೆ. ಮೊದಮೊದಲು ಅವಳ ಉತ್ತರ ‘ಗೊತ್ತಿಲ್ಲ’ ಎಂದಿತ್ತು. ಮೂರನೆಯ ವಾರ, ನಾನು ಬಾಯಿ ತೆರೆಯುವ ಮುನ್ನವೇ ಅವಳು ನಿಂತು, “ಇರಜ್ಜಿ, ಇಲ್ಲಿ ನಾಲ್ಕನೇ ಬೆರಳು ಹಾಕ್ಬೇಕಿತ್ತು, ಮೂರನೇದು ಹಾಕಿದೀನಿ” ಎಂದು ತಾನೇ ಬೀಜಗಳನ್ನು ಹಿಂದಕ್ಕೆ ಸರಿಸಿದಳು. ರೈತನ ರಚನೆ ಪೂರ್ಣವಾಗಿ ಕೈಗೂಡಿದ್ದು ಇನ್ನೂ ಒಂದು ತಿಂಗಳ ನಂತರ. ಆದರೆ ನಾನು ನಿಶ್ಚಿಂತಳಾದದ್ದು ಆ ಸಂಜೆಯೇ. ‘ಬರೋದಿಲ್ಲ’ ಎಂಬ ಮಾತು ‘ಇಲ್ಲಿ ನಾಲ್ಕನೇ ಬೆರಳು’ ಎಂದಾಗಿತ್ತು. ಮೊದಲನೆಯದಕ್ಕೆ ಮದ್ದಿಲ್ಲ, ಎರಡನೆಯದಕ್ಕೆ ಇದೆ.

ಅವಳು ದೊಡ್ಡ ವಾದಕಿಯಾಗುತ್ತಾಳೆಂದು ನಾನು ಹೇಳುತ್ತಿಲ್ಲ, ಆಗಬೇಕೆಂದೂ ಇಲ್ಲ. ಪಿಯಾನೊ ಆಗಲಿ ವೀಣೆ ಆಗಲಿ, ಲೆಕ್ಕ, ಕಾಗುಣಿತ ಏನೇ ಆಗಲಿ, ಕಲಿಕೆಯಲ್ಲಿ ಮಕ್ಕಳು ಸೋಲುವುದು ಬಹುಪಾಲು ಬುದ್ಧಿಯ ಕೊರತೆಯಿಂದಲ್ಲ. ‘ಅಭ್ಯಾಸ ಮಾಡು’ ಎನ್ನುವವರು ಮನೆತುಂಬ ಇರುತ್ತಾರೆ, ಅದನ್ನು ಮಾಡುವುದು ಹೇಗೆಂದು ಹೇಳಿಕೊಡುವವರು ಇರುವುದಿಲ್ಲ. ದಾರಿ ಕಾಣದ ಮಗು ದಾರಿಯನ್ನು ದೂರುವುದಿಲ್ಲ, ತನ್ನನ್ನೇ ದೂರಿಕೊಳ್ಳುತ್ತದೆ. ಮಗಳು ಕಚೇರಿಯಿಂದ ಬಂದವಳೇ ‘ಎಷ್ಟು ಹೊತ್ತು ನುಡಿಸಿದೆ?’ ಎಂದು ಕೇಳುವುದನ್ನು ಬಿಟ್ಟು ‘ಇವತ್ತು ಏನನ್ನು ಸರಿಮಾಡಿದೆ?’ ಎಂದು ಕೇಳತೊಡಗಿದ್ದಾಳೆ. ಮೊದಲ ಪ್ರಶ್ನೆಗೆ ಗಡಿಯಾರ ಉತ್ತರ ಹೇಳೀತು. ಎರಡನೆಯದಕ್ಕೆ ಉತ್ತರ ಕೊಡಲು ಮಗು ಸ್ವಲ್ಪ ಯೋಚಿಸಬೇಕು. ಓದುಗರ ಮನೆಗಳಲ್ಲಿಯೂ ಮಕ್ಕಳು ಮೊಮ್ಮಕ್ಕಳು ಏನನ್ನಾದರೂ ಕಲಿಯುತ್ತಿದ್ದರೆ, ಒಂದು ವಾರ ಹೀಗೆ ಕೇಳಿ ನೋಡಬಹುದು. ಹುಣಸೆಬೀಜಕ್ಕೆ ಖರ್ಚೇನೂ ಇಲ್ಲ.