ಜ್ವರ ಬಿಟ್ಟ ಮೇಲೂ ಒಂದು ಕಣ್ಣಿರಲಿ

ಮಗುವಿನ ಜ್ವರ ಬಿಟ್ಟು, ಸಾರನ್ನ ಉಂಡು ಆಟಕ್ಕೆ ಓಡಿತೆಂದರೆ ನಮಗೆಲ್ಲ ಹೋದ ಜೀವ ಬಂದಂತೆ, ಅಲ್ಲವೇ? ಆದರೆ ಕೆಲವು ಮಕ್ಕಳಿಗೆ ಕಷ್ಟ ಆಮೇಲೆ ಶುರುವಾಗುವುದುಂಟು. 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ವೈದ್ಯರು ಈ ಬಗ್ಗೆ ಎಚ್ಚರಿಸಿದರು. ಮುಂದೆ ನಮ್ಮ ಕರ್ನಾಟಕದಲ್ಲೂ ಕಂಡಿತು. ಕೋವಿಡ್ ಬಂದುಹೋಗಿ 2ರಿಂದ 6 ವಾರಕ್ಕೆ, ವೈರಸ್ಸಿನೊಡನೆ ಹೋರಾಡಿದ ದೇಹದ ರಕ್ಷಣಾಶಕ್ತಿಯೇ ಹದ ತಪ್ಪಿ ಹೃದಯ, ಕರುಳು, ರಕ್ತನಾಳಗಳಲ್ಲಿ ಉರಿಯೂತ ಎಬ್ಬಿಸುತ್ತದೆ. ಈಗ ಇದು ಬಲು ಅಪರೂಪ. ಆದರೂ ತಿಳಿದಿರಬೇಕು.

ಇಳಿಯದ ಜ್ವರ, ಕೆಂಪು ಕಣ್ಣು, ಮೈಮೇಲೆ ದದ್ದು, ಹೊಟ್ಟೆನೋವು, ವಾಂತಿ, ಭೇದಿ ಇದರ ಲಕ್ಷಣಗಳು. ಹೊಟ್ಟೆನೋವೆಂದರೆ "ಏನೋ ತಿಂದಿರಬೇಕು ಕಣೇ" ಅಂತ ಓಮದ ಕಷಾಯ, ದದ್ದೆಂದರೆ "ಅಮ್ಮ ಆಗಿದೆ" ಅಂತ ಬೇವಿನಸೊಪ್ಪು. ಹೀಗೆ ದಿನ ಕಳೆದುಬಿಡುತ್ತದೆ. ದೃಷ್ಟಿ ಬೇಕಾದರೆ ಆಮೇಲೆ ತೆಗೆಯಿರಿ, ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೊರಡಿ.

ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ನಾನು ಮನೆಯವರ ಜ್ವರದ ದಿನವನ್ನೂ ಗುರುತು ಹಾಕುತ್ತೇನೆ. "ತಿಂಗಳ ಹಿಂದೆ ಮನೇಲಿ ಜ್ವರ ಇತ್ತು ಡಾಕ್ಟ್ರೇ" ಎಂಬ ಒಂದು ಮಾತು ಅವರಿಗೆ ದಾರಿ ತೋರಿಸೀತು. ಆಗ ಮಗು ಚೆನ್ನಾಗೇ ಇದ್ದರೂ ಹೇಳಿ. ಏನೂ ಕಾಣಿಸದೆ ಸೋಂಕು ತಗುಲಿರಬಹುದು. ಅವರು ರಕ್ತಪರೀಕ್ಷೆ, ಹೃದಯದ ಎಕೋ ಮಾಡಿಸಿ, ಬೇಕಾದರೆ ಇಮ್ಯುನೊಗ್ಲಾಬ್ಯುಲಿನ್, ಸ್ಟೀರಾಯ್ಡ್ ಕೊಡುತ್ತಾರೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಬಹುಪಾಲು ಚೇತರಿಸಿಕೊಳ್ಳುತ್ತವೆ.

ಮಗು ಮಂಕಾದರೆ, ಕೈಕಾಲು ತಣ್ಣಗಾದರೆ, ಏದುಸಿರು ಬಿಟ್ಟರೆ ಬೆಳಗಾಗಲೆಂದು ಕಾಯಬೇಡಿ. ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ನಡೆಯಿರಿ.